ಬಯಾನಿಕ್: ಆಂಡ್ರಾಯ್ಡ್ ವ್ಯವಸ್ಥೆಯ ಸಿ ಲೈಬ್ರರಿ ಮತ್ತು ಹೊಂದಾಣಿಕೆಯ ಇತಿಹಾಸ

1. ಪೀಠಿಕೆ

ಗಣಕದ ಇತಿಹಾಸವನ್ನು ಬರೆದವರ ಗಮನ ಹೆಚ್ಚಾಗಿ ಯಂತ್ರಗಳ ಮೇಲೆ, ಅವನ್ನು ನಿರ್ಮಿಸಿದ ಸಂಸ್ಥೆಗಳ ಮೇಲೆ ಹರಿದಿದೆ. ಯಂತ್ರಕ್ಕೂ ಬಳಕೆದಾರನ ಕ್ರಮವಿಧಿಗೂ ನಡುವೆ ನಿಂತು, ತಾನು ಕಾಣಿಸಿಕೊಳ್ಳದೆ ಎರಡನ್ನೂ ಬೆಸೆಯುವ ತಂತ್ರಾಂಶದ ಪದರಗಳ ಇತಿಹಾಸ ಅಷ್ಟಾಗಿ ದಾಖಲಾಗಿಲ್ಲ. ಅಂತಹ ಪದರಗಳಲ್ಲಿ ಸಿ ಭಾಷೆಯ ಪ್ರಮಾಣಿತ ಲೈಬ್ರರಿ ಮುಖ್ಯವಾದುದು. ಲೈಬ್ರರಿ ಎಂದರೆ ಇಲ್ಲಿ ಪುಸ್ತಕಾಲಯವಲ್ಲ. ಕಡತ ತೆರೆಯುವುದು, ಸ್ಮೃತಿಯಲ್ಲಿ ಜಾಗ ಪಡೆಯುವುದು, ಅಕ್ಷರಗಳನ್ನು ಹೋಲಿಸುವುದು, ಕಾಲವನ್ನು ತಿಳಿಯುವುದು ಮೊದಲಾದ ಪ್ರಾಥಮಿಕ ಕೆಲಸಗಳಿಗಾಗಿ ಮೊದಲೇ ಬರೆದಿಟ್ಟ ಫಂಕ್ಷನ್‌ಗಳ ಭಂಡಾರ. ಬೇರೆ ಭಾಷೆಗಳಲ್ಲಿ ಬರೆದ ಕ್ರಮವಿಧಿಗಳೂ ಬಹುಮಟ್ಟಿಗೆ ಈ ಭಂಡಾರದ ಮೂಲಕವೇ ಕರ್ನೆಲ್ಲನ್ನು ತಲುಪುತ್ತವೆ.

ಪ್ರಸ್ತುತ ಪ್ರಬಂಧದಲ್ಲಿ ಆಂಡ್ರಾಯ್ಡ್ ಎಂಬ ಮೊಬೈಲ್ ಕಾರ್ಯಾಚರಣ ವ್ಯವಸ್ಥೆಯ ಸಿ ಲೈಬ್ರರಿಯಾದ ಬಯಾನಿಕ್, 2008ರಿಂದ ಈಚೆಗೆ ಕಂಡ ಮಾರ್ಪಾಡುಗಳನ್ನು ಹೊಂದಾಣಿಕೆಯ ದೃಷ್ಟಿಯಿಂದ ಪರಿಶೀಲಿಸಲಾಗಿದೆ. ಲೈಬ್ರರಿಯೊಂದು ಜನಬಳಕೆಗೆ ಬಂದ ಮೇಲೆ ಅದರ ಗುಣಗಳಂತೆಯೇ ದೋಷಗಳೂ ಒಪ್ಪಂದದ ಭಾಗವಾಗುತ್ತವೆ; ಆದ್ದರಿಂದ ಮಾನಕಕ್ಕೆ ಹತ್ತಿರವಾಗುವ ಪ್ರತಿಯೊಂದು ತಿದ್ದುಪಡಿಯೂ ಹಳೆಯ ಕ್ರಮವಿಧಿಯೊಂದನ್ನು ಮುರಿಯುವ ಸಾಧ್ಯತೆಯನ್ನು ಹೊತ್ತಿರುತ್ತದೆ ಎಂಬುದು ಈ ಪರಿಶೀಲನೆಯಿಂದ ಹೊರಡುವ ಮುಖ್ಯ ಅಂಶ.

2. ಮಾನಕದ ಹಿನ್ನೆಲೆ

ಸಿ ಭಾಷೆಯನ್ನು 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ರೂಪಿಸಿದರು. ಬ್ರಯಾನ್ ಕರ್ನಿಘನ್ ಅವರೊಡನೆ ರಿಚಿ ಬರೆದ, 1978ರಲ್ಲಿ ಪ್ರಕಟವಾದ ಪುಸ್ತಕವೇ ಬಹುಕಾಲ ಆ ಭಾಷೆಗೆ ಪ್ರಮಾಣವಾಗಿತ್ತು. 1989ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ, 1990ರಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಭಾಷೆಗೂ ಅದರ ಲೈಬ್ರರಿಗೂ ಮಾನಕವನ್ನು ನಿಗದಿಪಡಿಸಿದವು. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗಾಗಿ 1988ರಲ್ಲಿ ಪಾಸಿಕ್ಸ್ ಎಂಬ ಮತ್ತೊಂದು ಮಾನಕ ರೂಪುಗೊಂಡಿತು.

ಈ ಮಾನಕಗಳು ಖಾತರಿ ನೀಡುವುದು ಆಕರ ಸಂಕೇತದ ಮಟ್ಟದ ಹೊಂದಾಣಿಕೆಗೆ ಮಾತ್ರ ಎಂಬುದನ್ನು ಗಮನಿಸಬೇಕು. ಮಾನಕವನ್ನು ಅನುಸರಿಸಿ ಬರೆದ ಕ್ರಮವಿಧಿಯನ್ನು ಬೇರೊಂದು ವ್ಯವಸ್ಥೆಯಲ್ಲಿ ಮತ್ತೆ ಕಂಪೈಲ್ ಮಾಡಿದರೆ ಅದು ನಡೆಯಬೇಕು ಎಂಬುದಷ್ಟೇ ಅವುಗಳ ಆಶಯ. ಆದರೆ ಮೊಬೈಲ್ ಬಳಕೆದಾರನ ಕೈಗೆ ಬರುವುದು ಆಕರ ಸಂಕೇತವಲ್ಲ, ಈಗಾಗಲೇ ಯಂತ್ರಭಾಷೆಗೆ ಇಳಿದ ಕ್ರಮವಿಧಿ. ಯಾವ ದತ್ತಾಂಶ ಎಷ್ಟು ಬೈಟುಗಳನ್ನು ಆಕ್ರಮಿಸುತ್ತದೆ, ಯಾವ ಹೆಸರಿನ ಫಂಕ್ಷನ್ ಲೈಬ್ರರಿಯಲ್ಲಿ ಇದೆ ಎಂಬ ವಿವರಗಳು ಅದರೊಳಗೆ ಹೆಪ್ಪುಗಟ್ಟಿರುತ್ತವೆ. ಈ ಎರಡನೆಯ ಬಗೆಯ, ಅಂದರೆ ಯಂತ್ರರೂಪದ ಹೊಂದಾಣಿಕೆಯನ್ನು ಕಾಯುವ ಹೊಣೆ ಪೂರ್ತಿಯಾಗಿ ಲೈಬ್ರರಿಯ ನಿರ್ಮಾಪಕರದು.

ಈ ಹೊಣೆಯ ಭಾರವನ್ನು ತೋರಿಸುವ ಪ್ರಸಂಗವೊಂದು ಲಿನಕ್ಸ್ ಗಣಕಗಳಲ್ಲಿ ಬಳಕೆಯಲ್ಲಿರುವ ಗ್ನೂ ಸಿ ಲೈಬ್ರರಿಯ ಇತಿಹಾಸದಲ್ಲಿದೆ. ಸ್ಮೃತಿಯ ಒಂದು ಭಾಗವನ್ನು ಮತ್ತೊಂದೆಡೆಗೆ ನಕಲು ಮಾಡುವ ‘ಮೆಮ್‌ಕಾಪಿ’ ಫಂಕ್ಷನ್ನಿಗೆ, ಮೂಲ ಮತ್ತು ಗುರಿಗಳು ಒಂದರ ಮೇಲೊಂದು ಚಾಚಿಕೊಂಡಿರಬಾರದು ಎಂಬ ನಿಬಂಧನೆಯನ್ನು ಮಾನಕ ವಿಧಿಸಿದೆ. 2010ರಲ್ಲಿ ವೇಗಕ್ಕಾಗಿ ಆ ಫಂಕ್ಷನ್ನಿನ ನಕಲಿನ ದಿಕ್ಕನ್ನು ಬದಲಿಸಿದಾಗ, ನಿಬಂಧನೆಯನ್ನು ಮೀರಿಯೂ ಅದುವರೆಗೆ ಸರಿಯಾಗಿ ನಡೆಯುತ್ತಿದ್ದ ಫ್ಲ್ಯಾಶ್ ತಂತ್ರಾಂಶದಲ್ಲಿ ಧ್ವನಿ ಕೆಟ್ಟಿತು. ಮಾನಕದ ಪ್ರಕಾರ ತಪ್ಪು ಫ್ಲ್ಯಾಶ್‌ನದು. ಆದರೆ ಬಳಕೆದಾರನ ಪಾಲಿಗೆ ಕೆಟ್ಟದ್ದು ಲೈಬ್ರರಿ ಬದಲಾದ ದಿನ. ಕೊನೆಗೆ ಒಂದೇ ಹೆಸರಿನ ಫಂಕ್ಷನ್ನಿನ ಹಳೆಯ ಮತ್ತು ಹೊಸ ರೂಪಗಳೆರಡನ್ನೂ ಆವೃತ್ತಿಯ ಗುರುತಿನೊಡನೆ ಉಳಿಸಿಕೊಂಡು ಹಳೆಯ ಕ್ರಮವಿಧಿಗಳನ್ನು ಕಾಪಾಡಲಾಯಿತು. ಬಯಾನಿಕ್ ಹಿಡಿದ ದಾರಿ ಇದಕ್ಕಿಂತ ಭಿನ್ನವಾದುದು.

3. ಬಯಾನಿಕ್‌ನ ಹುಟ್ಟು

ಆಂಡ್ರಾಯ್ಡ್ ಸಂಸ್ಥೆ 2003ರಲ್ಲಿ ಆರಂಭವಾಗಿ 2005ರಲ್ಲಿ ಗೂಗಲ್‌ನ ವಶಕ್ಕೆ ಬಂದಿತು. 2007ರ ನವೆಂಬರ್‌ನಲ್ಲಿ ವ್ಯವಸ್ಥೆಯ ಘೋಷಣೆಯಾಗಿ, 2008ರಲ್ಲಿ ಮೊದಲ ಫೋನ್ ಮಾರುಕಟ್ಟೆಗೆ ಬಂದಿತು. ಆಕರ ಸಂಕೇತವೂ ಅದೇ ವರ್ಷ ಬಹಿರಂಗವಾಯಿತು. ಕರ್ನೆಲ್ ಲಿನಕ್ಸ್‌ನದಾದರೂ ಲಿನಕ್ಸ್‌ಗೆ ಸಹಜ ಸಂಗಾತಿಯಾಗಿದ್ದ ಗ್ನೂ ಸಿ ಲೈಬ್ರರಿಯನ್ನು ನಿರ್ಮಾಪಕರು ಆರಿಸಿಕೊಳ್ಳಲಿಲ್ಲ. ಬಿಎಸ್‌ಡಿ ಪರಂಪರೆಯ ವ್ಯವಸ್ಥೆಗಳ ಸಂಕೇತವನ್ನು ಆಧಾರವಾಗಿಟ್ಟುಕೊಂಡು, ಲಿನಕ್ಸ್ ಕರ್ನೆಲ್ಲಿಗೆ ಹೊಂದುವ ಭಾಗಗಳನ್ನು ತಾವೇ ಬರೆದು ಬಯಾನಿಕ್ ಎಂಬ ಹೊಸ ಲೈಬ್ರರಿಯನ್ನು ಕಟ್ಟಿದರು.

ಇದಕ್ಕೆ ಮೂರು ಕಾರಣಗಳಿದ್ದವು. ಮೊದಲನೆಯದು ಪರವಾನಗಿ. ಗ್ನೂ ಸಿ ಲೈಬ್ರರಿಯ ಪರವಾನಗಿ ಅದನ್ನು ವಿತರಿಸುವವರ ಮೇಲೆ ಕೆಲವು ಹೊಣೆಗಳನ್ನು ಹೊರಿಸುತ್ತದೆ. ಬಿಎಸ್‌ಡಿ ಪರವಾನಗಿಯಲ್ಲಿ ಅಂತಹ ಹೊಣೆಗಳು ತೀರ ಕಡಿಮೆ. ಫೋನ್ ತಯಾರಕರು ತಮ್ಮ ಸಂಕೇತವನ್ನು ಬಹಿರಂಗಪಡಿಸಬೇಕಾದೀತೆಂಬ ಶಂಕೆಗೆ ಎಡೆಯಿರಬಾರದೆಂಬುದು ನಿರ್ಮಾಪಕರ ಉದ್ದೇಶವಾಗಿತ್ತು. ಎರಡನೆಯದು ಗಾತ್ರ: ಅಂದಿನ ಫೋನುಗಳ ಸ್ಮೃತಿ ಅಲ್ಪವಾಗಿತ್ತು. ಮೂರನೆಯದು ವೇಗ: ದುರ್ಬಲ ಸಂಸ್ಕಾರಕಗಳ ಮೇಲೆ ಎಳೆಗಳ ನಿರ್ವಹಣೆ ಹಗುರವಾಗಿರಬೇಕಿತ್ತು. 32 ಬಿಟ್‌ನ ಬಯಾನಿಕ್‌ನಲ್ಲಿ ಎಳೆಗಳ ನಡುವಣ ಬೀಗಕ್ಕೆ ಕೇವಲ 4 ಬೈಟುಗಳನ್ನು ಮೀಸಲಿಟ್ಟದ್ದು ಈ ಮಿತವ್ಯಯಕ್ಕೆ ಒಳ್ಳೆಯ ನಿದರ್ಶನ. ಈ ಮಿತವ್ಯಯವೇ ಮುಂದೆ ಹೇಗೆ ಕಟ್ಟಾಯಿತೆಂಬುದನ್ನು ಏಳನೆಯ ಭಾಗದಲ್ಲಿ ನೋಡಬಹುದು.

4. ಆರಂಭದ ಕೊರತೆಗಳು

ಪ್ರಾರಂಭದ ಬಯಾನಿಕ್ ಪೂರ್ಣ ಮಾನಕವನ್ನು ಪಾಲಿಸುವ ಗುರಿಯನ್ನೇ ಇಟ್ಟುಕೊಂಡಿರಲಿಲ್ಲ. ಆಪ್‌ಗಳನ್ನು ಜಾವಾ ಭಾಷೆಯಲ್ಲಿ ಬರೆಯಬೇಕೆಂಬುದು ಮೂಲ ಕಲ್ಪನೆಯಾಗಿದ್ದುದರಿಂದ ಸಿ ಲೈಬ್ರರಿ ವ್ಯವಸ್ಥೆಯ ಒಳಬಳಕೆಗೆ ಸಾಕಾದರೆ ಸಾಕಿತ್ತು. ಎಳೆಯೊಂದನ್ನು ಹೊರಗಿನಿಂದ ರದ್ದುಪಡಿಸುವ ಪಾಸಿಕ್ಸ್ ಸೌಲಭ್ಯವನ್ನು ಉದ್ದೇಶಪೂರ್ವಕವಾಗಿಯೇ ಬಿಡಲಾಯಿತು. ಅದು ಇಂದಿಗೂ ಸೇರಿಲ್ಲ. ಪ್ರಾದೇಶಿಕ ಭಾಷಾವ್ಯವಸ್ಥೆಗಳಿಗೆ ಬೆಂಬಲವಿರಲಿಲ್ಲ.

ಅಕ್ಷರಗಳ ವಿಷಯದಲ್ಲಿ ಕೊರತೆ ಇನ್ನೂ ತೀವ್ರವಾಗಿತ್ತು. ಒಂದು ಬೈಟಿನಲ್ಲಿ ಹಿಡಿಯದ ಲಿಪಿಗಳಿಗಾಗಿ ಸಿ ಮಾನಕದಲ್ಲಿ ‘ವಿಶಾಲ ಅಕ್ಷರ’ವೆಂಬ ದತ್ತಾಂಶ ಪ್ರಕಾರವಿದೆ. 2010ರ ಕೊನೆಯಲ್ಲಿ ಬಂದ 2.3ನೆಯ ಆವೃತ್ತಿಯವರೆಗೆ ಆಂಡ್ರಾಯ್ಡ್‌ನಲ್ಲಿ ಈ ವಿಶಾಲ ಅಕ್ಷರದ ಗಾತ್ರ ಒಂದೇ ಬೈಟು, 2.3ರಲ್ಲಿ ಅದು 4 ಬೈಟುಗಳಾಯಿತು. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳು ಹದಿನಾರರ ಎಣಿಕೆಯಲ್ಲಿ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ ಇವೆ. ಒಂದು ಬೈಟಿನಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 255. ಕನ್ನಡದ ವಿಭಾಗ ತೊಡಗುವುದೇ 3200ರಿಂದ. ಹೀಗಾಗಿ ಆ ಪ್ರಕಾರದಲ್ಲಿ ಕನ್ನಡದ ಒಂದು ಅಕ್ಷರವನ್ನೂ ಇಡುವುದು ಸಾಧ್ಯವಿರಲಿಲ್ಲ. ತೆರೆಯ ಮೇಲೆ ಅಕ್ಷರಗಳನ್ನು ಮೂಡಿಸುವ ಕೆಲಸ ಬೇರೆ ಲೈಬ್ರರಿಗಳದಾದ್ದರಿಂದ ಈ ಕೊರತೆ ಸಾಮಾನ್ಯ ಓದುಗನಿಗೆ ಗೋಚರವಾಗಲಿಲ್ಲ. ವಿಶಾಲ ಅಕ್ಷರವನ್ನು ನಂಬಿದ ಸಿ ಕ್ರಮವಿಧಿಗಳನ್ನು ಫೋನಿಗೆ ತರಲು ಹೊರಟವರಿಗೆ ಮಾತ್ರ ಅದರ ಅನುಭವವಾಯಿತು. 2014ರ 5.0 ಆವೃತ್ತಿಯಲ್ಲಿ ಯುಟಿಎಫ್-8 ಸಂಕೇತಕ್ರಮಕ್ಕೆ ಸಮರ್ಪಕ ಬೆಂಬಲ ದೊರೆಯಿತು. ಆದರೆ ಭಾಷಾವಾರು ಅಕಾರಾದಿ ಕ್ರಮದ ಹೊಣೆಯನ್ನು ಬಯಾನಿಕ್ ಇಂದಿಗೂ ಹೊತ್ತಿಲ್ಲ; ಅದು ಐಸಿಯು ಎಂಬ ಪ್ರತ್ಯೇಕ ಲೈಬ್ರರಿಯ ಪಾಲಿನದು. ಬಯಾನಿಕ್‌ನ ಹೋಲಿಕೆ ನಡೆಯುವುದು ಕೇವಲ ಸಂಕೇತಸಂಖ್ಯೆಗಳ ಕ್ರಮದಲ್ಲಿ. ಆ ಕ್ರಮದಲ್ಲಿ ಅನುಸ್ವಾರ ‘ಅ’ಕಾರಕ್ಕಿಂತ ಮೊದಲು ಬರುತ್ತದೆ, ಹಳಗನ್ನಡದ ‘ೞ’ಕಾರ ಸ್ವರಚಿಹ್ನೆಗಳ ಆಚೆಗೆ ಬೀಳುತ್ತದೆ.

ಈ ‘ೞ’ಕಾರದ ಪ್ರಸಂಗ ನಮ್ಮ ವಿಷಯಕ್ಕೆ ಇನ್ನೊಂದು ರೀತಿಯಲ್ಲಿಯೂ ಸಂಬಂಧಿಸಿದೆ. ಯುನಿಕೋಡ್ ಪಟ್ಟಿಯಲ್ಲಿ ಅದಕ್ಕೆ ‘ಫ’ ಎಂಬ ಉಚ್ಚಾರಣೆಯ ಹೆಸರು ತಪ್ಪಾಗಿ ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸಬಾರದೆಂಬುದು ಯುನಿಕೋಡ್‌ನ ಸ್ಥಿರತೆಯ ನಿಯಮ. ಆದ್ದರಿಂದ ಆ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರು ಅದಕ್ಕೆ ತಿದ್ದುಪಡಿಯ ಉಪನಾಮವಾಗಿ ಸೇರಿತು. ಪ್ರಕಟವಾದ ತಪ್ಪನ್ನು ಅಳಿಸಲಾಗದು, ಪಕ್ಕದಲ್ಲಿ ಸರಿಯಾದುದನ್ನು ಬರೆಯಬಹುದಷ್ಟೇ ಎಂಬ ಈ ನೀತಿಯೇ ಬಯಾನಿಕ್‌ನ ಮುಂದಿನ ಇತಿಹಾಸದಲ್ಲಿಯೂ ಮತ್ತೆ ಮತ್ತೆ ಕಾಣಸಿಗುತ್ತದೆ.

5. ಹೆಡರ್ ಕಡತಗಳು ಮತ್ತು 2014ರ ತಿರುವು

2009ರ ಜೂನ್‌ನಲ್ಲಿ ಸಿ ಮತ್ತು ಸಿ++ ಭಾಷೆಗಳಲ್ಲಿ ಆಪ್‌ನ ಭಾಗಗಳನ್ನು ಬರೆಯುವ ಸಾಧನಸಮೂಹ, ಅಂದರೆ ಎನ್‌ಡಿಕೆ, ಹೊರಬಂದಾಗ ಬಯಾನಿಕ್‌ನ ಸ್ಥಾನ ಬದಲಾಯಿತು. ಅದುವರೆಗೆ ಒಳಬಳಕೆಯ ಸಾಧನವಾಗಿದ್ದುದು ಹೊರಗಿನವರೊಡನೆ ಮಾಡಿಕೊಂಡ ಒಪ್ಪಂದವಾಯಿತು. ವ್ಯವಸ್ಥೆಯ ಪ್ರತಿ ಹಂತಕ್ಕೂ ಒಂದು ಸಂಖ್ಯೆಯನ್ನು ಕೊಟ್ಟು, ಯಾವ ಫಂಕ್ಷನ್ ಯಾವ ಹಂತದಿಂದ ಲಭ್ಯ ಎಂಬುದನ್ನು ನಿಗದಿಪಡಿಸಲಾಯಿತು. 2.3ನೆಯ ಆವೃತ್ತಿ 9ನೆಯ ಹಂತ, 5.0 ಆವೃತ್ತಿ 21ನೆಯ ಹಂತ.

21ನೆಯ ಹಂತ ಅನೇಕ ದೃಷ್ಟಿಗಳಿಂದ ಯುಗಪ್ರವರ್ತಕವಾದುದು. 64 ಬಿಟ್‌ನ ಸಂಸ್ಕಾರಕಗಳಿಗೆ ಬೆಂಬಲ ಬಂದದ್ದು ಇಲ್ಲಿ. ಡಗ್ ಲೀ ಅವರ ಸ್ಮೃತಿ ಹಂಚಿಕೆಯ ವಿಧಾನದ ಸ್ಥಾನಕ್ಕೆ ಜೆಮ್ಯಾಲಕ್ ಬಂದದ್ದೂ, ಮಾನಕದ ಎಷ್ಟೋ ಕೊರತೆಗಳು ತುಂಬಿದ್ದೂ ಈ ಹಂತದಲ್ಲಿಯೇ. ಜೊತೆಗೆ, ಸ್ಮೃತಿಯ ಯಾವ ಸ್ಥಾನದಲ್ಲಿ ಇರಿಸಿದರೂ ನಡೆಯುವಂತೆ ಕಂಪೈಲ್ ಮಾಡದ ಸ್ವತಂತ್ರ ಕ್ರಮವಿಧಿಗಳನ್ನು ಭದ್ರತೆಯ ಕಾರಣದಿಂದ ನಿರಾಕರಿಸುವ ನಿಯಮವೂ ಜಾರಿಗೆ ಬಂದಿತು. ಹಳೆಯ ಫೋನುಗಳಿಗಾಗಿ ಕಟ್ಟಿದ ಅಂತಹ ಕ್ರಮವಿಧಿಗಳು ಹೊಸ ಫೋನುಗಳಲ್ಲಿ ನಡೆಯದಾದವು.

ಇದಕ್ಕೆ ವಿರುದ್ಧ ದಿಕ್ಕಿನ ತೊಡಕೂ ಅದೇ ಕಾಲದಲ್ಲಿ ತಲೆದೋರಿತು. ಅಕ್ಷರರೂಪದ ಸಂಖ್ಯೆಯನ್ನು ಭಿನ್ನಾಂಕ ಸಹಿತ ಸಂಖ್ಯೆಯಾಗಿಸುವ ‘ಎಟಿಒಎಫ್’, ಯಾದೃಚ್ಛಿಕ ಸಂಖ್ಯೆಗಳನ್ನು ನೀಡುವ ‘ರ‍್ಯಾಂಡ್’, ಸಂಕೇತಗಳನ್ನು ನಿರ್ವಹಿಸುವ ‘ಸಿಗ್ನಲ್’ ಮೊದಲಾದ ಫಂಕ್ಷನ್‌ಗಳು ಹಿಂದಿನ ಹಂತಗಳಲ್ಲಿ ಲೈಬ್ರರಿಯ ಒಳಗೆ ಇರಲೇ ಇಲ್ಲ. ಹೆಡರ್ ಕಡತದಲ್ಲಿ ಬರೆದ ಕಿರು ವ್ಯಾಖ್ಯೆಯು ಕಂಪೈಲ್ ಆಗುವಾಗ ಆಪ್‌ನೊಳಗೇ ಸೇರಿಬಿಡುತ್ತಿತ್ತು. 21ನೆಯ ಹಂತದಲ್ಲಿ ಅವು ಲೈಬ್ರರಿಯೊಳಗಿನ ನಿಜವಾದ ಫಂಕ್ಷನ್‌ಗಳಾದವು. ಮಾನಕದ ದೃಷ್ಟಿಯಿಂದ ಇದು ಸರಿಯಾದ ತಿದ್ದುಪಡಿ. ಆದರೆ ಹೊಸ ಹೆಡರ್‌ಗಳನ್ನು ಬಳಸಿ ಕಂಪೈಲ್ ಮಾಡಿದ ಆಪ್, ಹಳೆಯ ಫೋನಿನಲ್ಲಿ ಆ ಹೆಸರನ್ನು ಹುಡುಕಿ, ಸಿಗದೆ, ಆರಂಭದಲ್ಲಿಯೇ ನಿಲ್ಲುತ್ತಿತ್ತು. ಬರೆದವರು ಒಂದು ಸಾಲನ್ನೂ ಬದಲಿಸಿರಲಿಲ್ಲ. ಬಳಸಿದ ಫಂಕ್ಷನ್‌ಗಳು 1989ರಿಂದಲೂ ಮಾನಕದಲ್ಲಿದ್ದವು. ಆದರೂ ಆಪ್ ಕೆಲಸ ಮಾಡಲಿಲ್ಲ. ಹೆಸರು ಮಾನಕದಲ್ಲಿದ್ದ ಮಾತ್ರಕ್ಕೆ ಅದು ಯಂತ್ರದಲ್ಲಿ ಇದೆ ಎಂದು ಹೇಳುವಂತಿಲ್ಲ ಎಂಬ ಪಾಠವನ್ನು ತಂತ್ರಜ್ಞರು ಹೀಗೆ ಕಲಿಯಬೇಕಾಯಿತು.

ಈ ಗೊಂದಲಕ್ಕೆ ಮೂಲ, ಪ್ರತಿ ಹಂತಕ್ಕೂ ಹೆಡರ್‌ಗಳ ಬೇರೆ ಬೇರೆ ಪ್ರತಿಗಳನ್ನು ಇಟ್ಟುಕೊಂಡದ್ದು. ಒಂದರಲ್ಲಿ ತಿದ್ದಿದ ದೋಷ ಮತ್ತೊಂದರಲ್ಲಿ ಹಾಗೆಯೇ ಉಳಿಯುತ್ತಿತ್ತು. 2017ರಲ್ಲಿ ಎಲ್ಲ ಹಂತಗಳಿಗೂ ಒಂದೇ ಹೆಡರ್ ಸಮೂಹವನ್ನು ರೂಪಿಸಿ, ಪ್ರತಿ ಫಂಕ್ಷನ್ನಿನ ಎದುರಿಗೆ ಅದು ಬಳಕೆಗೆ ಬಂದ ಹಂತವನ್ನು ನಮೂದಿಸಲಾಯಿತು. ಹಲವು ಪಾಠಗಳನ್ನು ಕೂಡಿಸಿ ಒಂದೇ ಪರಿಷ್ಕೃತ ಪಾಠವನ್ನು ಸಿದ್ಧಪಡಿಸಿ, ಪಾಠಾಂತರಗಳನ್ನು ಅಡಿಯಲ್ಲಿ ಸೂಚಿಸುವ ಗ್ರಂಥಸಂಪಾದಕರ ಕ್ರಮಕ್ಕೆ ಇದು ಹತ್ತಿರವಾದುದು.

6. ದೋಷವನ್ನು ನಂಬಿದ ಕ್ರಮವಿಧಿಗಳು

ಹೆಸರುಗಳ ಇರವು ಮತ್ತು ಇಲ್ಲದಿರುವಿಕೆಗಿಂತ ಸೂಕ್ಷ್ಮವಾದುದು ವರ್ತನೆಯ ಪ್ರಶ್ನೆ. ಸೆಮಫೋರ್‌ಗಾಗಿ ಕಾಯುತ್ತಿರುವ ಎಳೆಯ ಕಾಯುವಿಕೆಯನ್ನು ಸಂಕೇತವೊಂದು ಮಧ್ಯದಲ್ಲಿಯೇ ಮುರಿಯಬಹುದು ಎಂದು ಪಾಸಿಕ್ಸ್ ಹೇಳುತ್ತದೆ. ಆಂಡ್ರಾಯ್ಡ್‌ನಲ್ಲಿ ಹಾಗೆ ಆಗುತ್ತಿರಲಿಲ್ಲ. ಈ ದೋಷವನ್ನು ತಿದ್ದಿದಾಗ, ಕಾಯುವಿಕೆ ಎಂದೂ ಮುರಿಯದು ಎಂಬ ನಂಬಿಕೆಯಿಂದಲೇ ಬರೆದ ಸಂಕೇತ ಬಳಕೆಯಲ್ಲಿರುವುದು ಕಂಡುಬಂದಿತು. ಅಂತಹ ಕ್ರಮವಿಧಿ, ತನ್ನ ಸರದಿ ಬಾರದಿದ್ದರೂ ಬಂದಿದೆಯೆಂದು ಭಾವಿಸಿ ಮುಂದುವರಿದು ದತ್ತಾಂಶವನ್ನು ಕೆಡಿಸುವ ಅಪಾಯವಿತ್ತು.

ಇದಕ್ಕೆ ಕಂಡುಕೊಂಡ ಪರಿಹಾರ ಗಮನಾರ್ಹವಾದುದು. ಪ್ರತಿ ಆಪ್ ತಾನು ಯಾವ ಹಂತವನ್ನು ಉದ್ದೇಶಿಸಿ ಸಿದ್ಧವಾಗಿದೆ ಎಂಬುದನ್ನು ತನ್ನ ವಿವರಪತ್ರದಲ್ಲಿ ಘೋಷಿಸುತ್ತದೆ. 2016ರ 7.0 ಆವೃತ್ತಿಯನ್ನೋ ಅದರ ಮುಂದಿನದನ್ನೋ ಉದ್ದೇಶಿಸಿದ ಆಪ್‌ಗಳಿಗೆ ಮಾತ್ರ ಪಾಸಿಕ್ಸ್ ಹೇಳಿದ ವರ್ತನೆ, ಉಳಿದವುಗಳಿಗೆ ಹಳೆಯದೇ. ಗ್ನೂ ಲೈಬ್ರರಿ ಫಂಕ್ಷನ್ನಿಗೆ ಎರಡು ರೂಪಗಳನ್ನು ಕೊಟ್ಟರೆ, ಬಯಾನಿಕ್ ಒಂದೇ ಫಂಕ್ಷನ್ ಇಟ್ಟುಕೊಂಡು ಕೇಳುವವನ ಕಾಲವನ್ನು ನೋಡಿ ಉತ್ತರಿಸುವಂತೆ ಮಾಡಿತು.

ಮುಂದೆ ಇದೇ ಕ್ರಮ ಬೇರೆಡೆಯೂ ಬಳಕೆಯಾಯಿತು. ಮುಗಿದುಹೋದ ಎಳೆಯ ಗುರುತನ್ನು ಬಳಸಿದರೆ ಹಿಂದೆ ‘ಅಂತಹುದಿಲ್ಲ’ ಎಂಬ ದೋಷಸಂಖ್ಯೆ ಬರುತ್ತಿತ್ತು, 2017ರ 8.0 ಆವೃತ್ತಿಯನ್ನು ಉದ್ದೇಶಿಸಿದ ಆಪ್ ಹಾಗೆ ಮಾಡಿದರೆ ಅದನ್ನು ಕೂಡಲೇ ನಿಲ್ಲಿಸಲಾಗುತ್ತದೆ. ನಾಶಪಡಿಸಿದ ಬೀಗವನ್ನು ಮತ್ತೆ ಬಳಸುವ ಆಪ್‌ಗಳ ವಿಷಯದಲ್ಲಿ 2018ರ 9ನೆಯ ಆವೃತ್ತಿಯಿಂದ ಇದೇ ನಿಯಮ ಬಂದಿತು. 2020ರ 11ನೆಯ ಆವೃತ್ತಿಯಲ್ಲಿ ಸ್ಮೃತಿ ಹಂಚಿಕೆ ಬಹುತೇಕ ಸಾಧನಗಳಲ್ಲಿ ಸ್ಕೂಡೊ ಎಂಬ, ಭದ್ರತೆಗೆ ಒತ್ತು ಕೊಟ್ಟ ವಿಧಾನಕ್ಕೆ ಬದಲಾಯಿತು. ಜೊತೆಗೆ 64 ಬಿಟ್‌ನ ಆರ್ಮ್ ಸಾಧನಗಳಲ್ಲಿ ಸ್ಮೃತಿಯ ವಿಳಾಸಗಳ ಮೇಲ್ತುದಿಯ ಬೈಟಿನಲ್ಲಿ ಗುರುತೊಂದನ್ನು ಇಡುವ ಪದ್ಧತಿಯೂ ಬಂದಿತು. ಆ ಬೈಟು ಸದಾ ಖಾಲಿಯೆಂದು ನಂಬಿ ಅಲ್ಲಿ ತಮ್ಮದೇ ಮಾಹಿತಿಯನ್ನು ಅಡಗಿಸಿಟ್ಟಿದ್ದ ಕ್ರಮವಿಧಿಗಳು ಇದರಿಂದ ತೊಂದರೆಗೊಳಗಾದವು. ಅವುಗಳಿಗಾಗಿ ಈ ಪದ್ಧತಿಯಿಂದ ಹೊರಗುಳಿಯುವ ಅವಕಾಶವನ್ನು ಕಲ್ಪಿಸಬೇಕಾಯಿತು.

ಲೈಬ್ರರಿಯ ಗಡಿಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ವ್ಯವಸ್ಥೆಯ ಒಳಬಳಕೆಗೆಂದೇ ಇದ್ದ ಲೈಬ್ರರಿಗಳನ್ನು, ವಿಶೇಷವಾಗಿ ಗೂಢಲೇಖನದ ಓಪನ್‌ಎಸ್‌ಎಸ್‌ಎಲ್ಲನ್ನು, ಎಷ್ಟೋ ಆಪ್‌ಗಳು ನೇರವಾಗಿ ಬಳಸುತ್ತಿದ್ದವು. 2015ರ 6.0 ಆವೃತ್ತಿಯಲ್ಲಿ ಅದರ ಸ್ಥಾನಕ್ಕೆ ಬೋರಿಂಗ್‌ಎಸ್‌ಎಸ್‌ಎಲ್ ಬಂದಿತು, 7.0ರಲ್ಲಿ ಒಳ ಲೈಬ್ರರಿಗಳಿಗೆ ಬಾಗಿಲು ಮುಚ್ಚಿತು. ಆಗಲೂ ಹೆಚ್ಚು ಬಳಕೆಯಲ್ಲಿದ್ದ ಕೆಲವು ಲೈಬ್ರರಿಗಳನ್ನು ಹಳೆಯ ಆಪ್‌ಗಳಿಗಾಗಿ ತಾತ್ಕಾಲಿಕವಾಗಿ ತೆರೆದಿಡಲಾಯಿತು. 8.0ರಲ್ಲಿ ಆಪ್‌ಗಳು ಕರ್ನೆಲ್ಲಿಗೆ ಮಾಡುವ ಕರೆಗಳನ್ನೇ ಸೋಸುವ ವ್ಯವಸ್ಥೆ ಬಂದಿತು. ಬಯಾನಿಕ್ ಮೂಲಕ ದೊರೆಯುವ ಕರೆಗಳನ್ನು ಆಧಾರವಾಗಿಟ್ಟುಕೊಂಡು, 64 ಬಿಟ್‌ನ ಆರ್ಮ್‌ನಲ್ಲಿ 271 ಕರೆಗಳ ಪೈಕಿ 17ನ್ನೂ 32 ಬಿಟ್‌ನಲ್ಲಿ 364ರ ಪೈಕಿ 70ನ್ನೂ ತಡೆಯಲಾಯಿತು. ಅನುಕೂಲಕ್ಕಾಗಿ ಇದ್ದ ಲೈಬ್ರರಿ ಹೀಗೆ ಅಧಿಕೃತ ಗಡಿರೇಖೆಯಾಯಿತು.

ಇದೇ ಅವಧಿಯಲ್ಲಿ ಬಯಾನಿಕ್ ತಾನೇ ಒಂದು ಮಾನಕವಾಗಿ ಬೆಳೆದದ್ದನ್ನೂ ಕಾಣುತ್ತೇವೆ. ಫೋನಿನ ಬಿಡಿಭಾಗಗಳ ಚಾಲಕ ತಂತ್ರಾಂಶಗಳು ಬಯಾನಿಕ್‌ಗೆಂದೇ ಸಿದ್ಧವಾಗಿ, ಯಂತ್ರರೂಪದಲ್ಲಷ್ಟೇ ದೊರೆಯುತ್ತಿದ್ದವು. ಅವುಗಳನ್ನು ಗ್ನೂ ಲೈಬ್ರರಿಯ ವ್ಯವಸ್ಥೆಗಳಲ್ಲಿ ನಡೆಸಲು ಕಾರ್ಸ್ಟನ್ ಮುಂಕ್ 2012ರಲ್ಲಿ ಲಿಬ್‌ಹೈಬ್ರಿಸ್ ಎಂಬ ಸೇತುವೆಯನ್ನು ರಚಿಸಿದರು. ಸೈಲ್‌ಫಿಶ್, ಉಬುಂಟು ಟಚ್ ವ್ಯವಸ್ಥೆಗಳು ಅದನ್ನು ಅವಲಂಬಿಸಿದವು. ಮಾನಕವನ್ನು ಪೂರ್ತಿ ಪಾಲಿಸದ ಲೈಬ್ರರಿಗೆ ಉಳಿದವರು ಹೊಂದಿಕೊಳ್ಳಬೇಕಾಗಿ ಬಂದದ್ದು, ಬಳಕೆಯ ಬಲವೇ ಪ್ರಮಾಣವಾಗುವುದಕ್ಕೆ ಉದಾಹರಣೆ.

7. ತಿದ್ದಲಾಗದ ಭಾಗ

ವರ್ತನೆಯನ್ನು ಕಾಲಕ್ಕೆ ತಕ್ಕಂತೆ ಬದಲಿಸಬಹುದು, ಗಾತ್ರವನ್ನು ಬದಲಿಸಲಾಗದು. 32 ಬಿಟ್‌ನ ಬಯಾನಿಕ್‌ನಲ್ಲಿ ಉಳಿದುಬಂದ ದೋಷಗಳೆಲ್ಲ ಗಾತ್ರಕ್ಕೆ ಸಂಬಂಧಿಸಿದವು. ಸಂಕೇತಗಳ ಗಣಕ್ಕೆ 32 ಬಿಟ್‌ಗಳು. ಲಿನಕ್ಸ್‌ನಲ್ಲಿರುವ ಸಂಕೇತಗಳು 64. 2018ರಲ್ಲಿ ಹೊಸ ಹೆಸರಿನ, 64 ಬಿಟ್‌ನ ಪ್ರಕಾರವೊಂದನ್ನು ಸೇರಿಸಲಾಯಿತೇ ಹೊರತು ಹಳೆಯದನ್ನು ಹಿಗ್ಗಿಸಲಾಗಲಿಲ್ಲ. 4 ಬೈಟಿನ ಬೀಗದಲ್ಲಿ ಎಳೆಯ ಗುರುತಿಗೆ ಉಳಿದದ್ದು 16 ಬಿಟ್‌ಗಳು; ಗುರುತಿನ ಸಂಖ್ಯೆ 65535ನ್ನು ದಾಟಿದರೆ ಬೀಗಕ್ಕೆ ತನ್ನ ಒಡೆಯನ ಗುರುತು ಸಿಗದು.

ಇವುಗಳಲ್ಲಿ ಅತ್ಯಂತ ಗಂಭೀರವಾದುದು ಕಾಲದ ಪ್ರಕಾರ. 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸುವ ಸಂಖ್ಯೆ 32 ಬಿಟ್‌ನ ಬಯಾನಿಕ್‌ನಲ್ಲಿ 32 ಬಿಟ್‌ಗಳದೇ. 2038ರ ಜನವರಿ 19ರಂದು, ಭಾರತೀಯ ಕಾಲಮಾನದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಅದು ತನ್ನ ಮಿತಿಯನ್ನು ಮುಟ್ಟುತ್ತದೆ. ಇದನ್ನು ಹಿಗ್ಗಿಸಿದರೆ ಈಗಾಗಲೇ ಹಂಚಿಕೆಯಾಗಿರುವ ಪ್ರತಿಯೊಂದು 32 ಬಿಟ್ ಕ್ರಮವಿಧಿಯೂ ತಪ್ಪು ಜಾಗದಿಂದ ದತ್ತಾಂಶವನ್ನು ಓದುತ್ತದೆ. ನಿರ್ವಾಹಕರ ನಿಲುವು ಸ್ಪಷ್ಟ: 32 ಬಿಟ್‌ನಲ್ಲಿ ಇದನ್ನು ತಿದ್ದುವುದಿಲ್ಲ, ಪರಿಹಾರವೆಂದರೆ 64 ಬಿಟ್. 2019ರ ಆಗಸ್ಟ್‌ನಿಂದ ಪ್ಲೇ ಅಂಗಡಿಗೆ ಬರುವ, ಯಂತ್ರಭಾಷೆಯ ಭಾಗವುಳ್ಳ ಆಪ್‌ಗಳು 64 ಬಿಟ್‌ನ ರೂಪವನ್ನೂ ಒದಗಿಸಬೇಕೆಂಬ ನಿಯಮ ಬಂದಿತು.

ಸ್ಮೃತಿಯ ಪುಟದ ಗಾತ್ರದ ಕಥೆಯೂ ಇಂತಹುದೇ. ಆಂಡ್ರಾಯ್ಡ್‌ನಲ್ಲಿ ಬಹುಕಾಲ ಪುಟ ಎಂದರೆ 4096 ಬೈಟುಗಳು. ಆ ಸಂಖ್ಯೆ ಬದಲಾಗದೆಂಬ ನಂಬಿಕೆಯಿಂದ ಅದನ್ನೇ ನೇರವಾಗಿ ಬರೆದ ಸಂಕೇತ ಬಹಳ. 2024ರ 15ನೆಯ ಆವೃತ್ತಿ 16384 ಬೈಟಿನ ಪುಟಗಳಿಗೆ ಬೆಂಬಲ ನೀಡಿತು. ಆ ಆವೃತ್ತಿಯನ್ನೋ ಮುಂದಿನದನ್ನೋ ಉದ್ದೇಶಿಸಿ ಪ್ಲೇ ಅಂಗಡಿಗೆ ಬರುವ ಹೊಸ ಆಪ್‌ಗಳೂ ಪರಿಷ್ಕರಣಗಳೂ 2025ರ ನವೆಂಬರ್ 1ರಿಂದ ಇದಕ್ಕೆ ಹೊಂದಬೇಕೆಂಬ ಷರತ್ತನ್ನು ವಿಧಿಸಲಾಯಿತು.

ಇಂತಹ ಪ್ರತಿಯೊಂದು ನಿಯಮವೂ ಆಕರ ಸಂಕೇತ ಕೈಯಲ್ಲಿರುವವರಿಗೆ ಕೆಲವು ದಿನಗಳ ಶ್ರಮ. ಆದರೆ ಬರೆದವರು ಕೈಬಿಟ್ಟ, ಆಕರ ಕಳೆದುಹೋದ ಆಪ್‌ಗೆ ಅದು ಕೊನೆ. ಸಣ್ಣ ಭಾಷೆಗಳಿಗಾಗಿ ಒಬ್ಬಿಬ್ಬರು ಆಸಕ್ತಿಯಿಂದ ರಚಿಸಿದ ನಿಘಂಟು, ಕೀಲಿಮಣೆ, ಕಲಿಕೆಯ ಸಾಧನಗಳಿಗೆ ಈ ಅಪಾಯ ಹೆಚ್ಚು. ಅವುಗಳ ಹಿಂದೆ ವರ್ಷವರ್ಷವೂ ಪರಿಷ್ಕರಿಸುವ ಸಂಸ್ಥೆಯಿರುವುದು ವಿರಳ.

8. ಉಪಸಂಹಾರ

ಬಯಾನಿಕ್‌ನ ಇತಿಹಾಸವನ್ನು ಮೂರು ಘಟ್ಟಗಳಲ್ಲಿ ಗುರುತಿಸಬಹುದು. 2008ರಿಂದ 2014ರವರೆಗಿನದು ಮಿತವ್ಯಯದ ಕಾಲ: ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡ ಲೈಬ್ರರಿ. 2014ರಿಂದ 2018ರವರೆಗಿನದು ಪೂರಣದ ಕಾಲ: ಮಾನಕದ ಕೊರತೆಗಳನ್ನು ತುಂಬುತ್ತ ಗಡಿಗಳನ್ನು ಬಿಗಿಗೊಳಿಸಿದ ಲೈಬ್ರರಿ. ಅಲ್ಲಿಂದ ಈಚಿನದು ಭದ್ರತೆಯ ಕಾಲ: ಆಪ್‌ನ ತಪ್ಪನ್ನು ಸಹಿಸದೆ ನಿಲ್ಲಿಸುವ ಲೈಬ್ರರಿ.

ಮಾನಕವನ್ನು ಕಡೆಗಣಿಸಿ ಉಳಿಸಿದ ಬೈಟುಗಳ ಬೆಲೆಯನ್ನು ಮುಂದಿನವರು ತೆರಬೇಕಾಯಿತು ಎಂದು ಆಕ್ಷೇಪಿಸಬಹುದು. ಆದರೆ 2008ರ ಫೋನಿನ ಸ್ಮೃತಿಯ ಮಿತಿಯಲ್ಲಿ ಆ ನಿರ್ಧಾರ ಅವಿವೇಕದ್ದಾಗಿರಲಿಲ್ಲ. ಪ್ರಶ್ನೆ ಇರುವುದು, ಒಂದು ಕಾಲದ ಅನುಕೂಲ ಮತ್ತೊಂದು ಕಾಲದ ಕಟ್ಟುಪಾಡಾದಾಗ ಅದನ್ನು ನಿಭಾಯಿಸುವ ಬಗೆಯಲ್ಲಿ. ಪ್ರತಿ ಕ್ರಮವಿಧಿಯನ್ನೂ ಅದರ ಕಾಲದ ನಿಯಮದಿಂದಲೇ ಅಳೆಯಬೇಕೆಂಬ ಬಯಾನಿಕ್‌ನ ಕ್ರಮ ಸಾಧ್ಯವಿರುವೆಡೆ ನ್ಯಾಯವಾದುದು. ಗಾತ್ರದ ವಿಷಯದಲ್ಲಿ ಅದಕ್ಕೆ ಎಡೆಯಿಲ್ಲ. ತಂತ್ರಾಂಶವನ್ನು ಸಾಂಸ್ಕೃತಿಕ ದಾಖಲೆಯೆಂದು ಪರಿಗಣಿಸುವ ಸಂಶೋಧಕರೂ ಗ್ರಂಥಾಲಯಗಳೂ ಇದರಿಂದ ತಿಳಿಯಬೇಕಾದ ಸಂಗತಿಯೊಂದಿದೆ. ಆಪ್‌ನ ಕಡತವನ್ನು ಸಂಗ್ರಹಿಸಿಟ್ಟರೆ ಸಾಲದು. ಅದು ಯಾವ ಹಂತವನ್ನು ಉದ್ದೇಶಿಸಿ ಸಿದ್ಧವಾಯಿತು ಎಂಬ ವಿವರವನ್ನೂ, ಆ ಹಂತದ ಲೈಬ್ರರಿಯನ್ನೂ, ಸಾಧ್ಯವಾದರೆ ಆಪ್‌ನ ಆಕರ ಸಂಕೇತವನ್ನೂ ಅದರೊಡನೆ ಇಡಬೇಕು. ಇಲ್ಲವಾದಲ್ಲಿ ಕಡತ ಉಳಿದಿದ್ದರೂ ಅದನ್ನು ಓದಬಲ್ಲ ಯಂತ್ರ ಉಳಿದಿರುವುದಿಲ್ಲ.